ಬಚ್ಚಿಟ್ಟ ಅಂಕಿ

12 ಮಾರ್ಚ್ 2016

ಗುಬ್ಬೀ,

ನಿನ್ನ ರಿಜಿಸ್ಟರ್ ಪೋಸ್ಟು ನಿನ್ನೆ ಬಂತು. ಸಹಿ ಹಾಕಿಸಿಕೊಳ್ಳುತ್ತಾ ಪೋಸ್ಟಿನವನು, "ಏನ್ ಸಾರ್, ಆಸ್ತಿ ಪತ್ರಾನಾ?" ಅಂದ. "ಅದಕ್ಕಿಂತ ದೊಡ್ಡದಪ್ಪ, ಇಡೀ ಆಕಾಶದ್ದು" ಅಂದೆ. ಹಲ್ಲು ಬಿಟ್ಟುಕೊಂಡು ಹೋದ. ಹೆಂಡತಿ ಹೋದ ಮೇಲೆ ಮುದುಕನಿಗೆ ನಟ್ಟು ಸಡಿಲಾಗಿದೆ ಅಂದುಕೊಂಡಿರಬೇಕು.

ಒಳಗಿನ ಚಿಕ್ಕ ಲಕೋಟೆ ನೋಡಿ ಖುಷಿಯಾಯಿತು. ಬಾಯಿಗೆ ಅರಗು, ಅದರ ಸುತ್ತ ನಿಮ್ಮ ತಂಡದವರೆಲ್ಲರ ಸಹಿ. ಸರ್ಕಾರಿ ಕೆಲಸ ಅಂದರೆ ಹೀಗಿರಬೇಕು. ನನ್ನ ಹಳೇ ತೂಕದ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ, ಮಖಮಲ್ಲಿನ ಗುಳಿಗಳ ಮೇಲೆ. ನಿವೃತ್ತಿಯಾದಾಗ ತೂಕದ ಬಟ್ಟುಗಳನ್ನು ಇಲಾಖೆಗೆ ಒಪ್ಪಿಸಿದೆ, ಖಾಲಿ ಪೆಟ್ಟಿಗೆ ಯಾರಿಗೂ ಬೇಡವಾಗಿ ನನಗೇ ಉಳಿಯಿತು. ನಿನ್ನಕ್ಕ ಅದರಲ್ಲಿ ಗುಂಡಿ, ಸೂಜಿ ಹಾಕಿಡುತ್ತಿದ್ದಳು.

ನಿನ್ನ ಕಾಗದ ಎರಡು ಸಲ ಓದಿದೆ. ನನಗೆ ಅರ್ಥವಾದದ್ದು ಇಷ್ಟು, ತಪ್ಪಿದ್ದರೆ ತಿದ್ದು. ಪ್ರಕೃತಿಯಲ್ಲಿ ಕೆಲವು ಅಂಕಿಗಳಿವೆ, ಅವು ಎಲ್ಲಿ ಅಳೆದರೂ ಅಷ್ಟೇ. ಅದರಲ್ಲೊಂದು, ಬೆಳಕಿಗೂ ಎಲೆಕ್ಟ್ರಾನಿಗೂ ಇರುವ ಹಿಡಿತದ ಅಳತೆ. ಸುಮಾರು ನೂರ ಮೂವತ್ತೇಳರಲ್ಲಿ ಒಂದು ಪಾಲು. ನೀನು ಆ ಬೆಟ್ಟದ ಮೇಲೆ ದೂರದರ್ಶಕ ಇಟ್ಟುಕೊಂಡು, ಸಾವಿರ ಕೋಟಿ ವರ್ಷದ ಹಿಂದೆ ಹೊರಟ ಬೆಳಕನ್ನು ಹಿಡಿದು, ಆಗಲೂ ಆ ಅಂಕಿ ಇಷ್ಟೇ ಇತ್ತಾ ಅಂತ ನೋಡುತ್ತಿದ್ದೀಯ. ಅದರ ಉತ್ತರ ಈ ಲಕೋಟೆಯಲ್ಲಿದೆ, ನಾನು ಕಾಯಬೇಕು. ಸರಿಯಾ?

ನಮ್ಮ ಬಿ.ಎಸ್ಸಿ. ಕ್ಲಾಸಿನಲ್ಲಿ ಫಿಸಿಕ್ಸ್ ಲೆಕ್ಚರರು ಮೊದಲ ದಿನವೇ ಡಿಕ್ಟೇಟ್ ಮಾಡಿದ್ದರು: ಜೆಂಟಲ್‌ಮೆನ್, ಎ ಕಾನ್‌ಸ್ಟಂಟ್ ಈಸ್ ಎ ಕ್ವಾಂಟಿಟಿ ವಿಚ್... ಮುಂದಿನದು ನೆನಪಿಲ್ಲ. ಬೆಲ್ ಹೊಡೆದಿತ್ತು ಅನ್ನಿಸುತ್ತೆ.

ಫೋನ್ ಮಾಡಬೇಡ. ಕಿವಿಗೆ ಹಾಕಿಕೊಂಡ ಯಂತ್ರ ಫೋನು ಹತ್ತಿರ ಬಂದರೆ ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತೆ, ನಿನ್ನ ಮಾತು ಒಂದೂ ಕೇಳಿಸುವುದಿಲ್ಲ. ಕಾಗದವೇ ಸುಖ.

ನಿನ್ನ ಭಾವ


2 ಏಪ್ರಿಲ್ 2016

ಭಾವನವರಿಗೆ,

ಮುಕ್ಕಾಲು ಪಾಲು ಸರಿ. ಕೊನೆಯ ಸಾಲು ತಪ್ಪು. ಲಕೋಟೆಯಲ್ಲಿರುವುದು ಉತ್ತರವಲ್ಲ, ಉತ್ತರಕ್ಕೆ ಬೆರೆಸಿದ ಕಲಬೆರಕೆ.

ನಮ್ಮ ಕಂಪ್ಯೂಟರು ನಾವು ಅಳೆದದ್ದಕ್ಕೆಲ್ಲ ತನ್ನ ಕಡೆಯಿಂದ ಒಂದು ಅಂಕಿ ಸೇರಿಸಿದೆ. ಎಷ್ಟೆಂದು ನಮಗ್ಯಾರಿಗೂ ಗೊತ್ತಿಲ್ಲ. ಅದು ಮುದ್ರಿಸಿಕೊಟ್ಟ ಹಾಳೆಯನ್ನು ಯಾರೂ ನೋಡದೆ ಮಡಚಿ ಲಕೋಟೆಗೆ ಹಾಕಿದೆವು. ಯಾಕೆಂದರೆ ಬೇಕಾದ ಉತ್ತರ ಸಿಕ್ಕ ಕೂಡಲೇ ಮನುಷ್ಯ ತಪ್ಪು ಹುಡುಕುವುದನ್ನು ನಿಲ್ಲಿಸುತ್ತಾನೆ. ಬೇಡದ ಉತ್ತರ ಬಂದರೆ ಮಾತ್ರ ಹುಡುಕುತ್ತಲೇ ಇರುತ್ತಾನೆ. ಆ ಹಳೆಯ ಬೆಳಕು ದಾರಿಯಲ್ಲಿ ಅನಿಲದ ಮೋಡಗಳನ್ನು ಹಾಯ್ದು ಬರುವಾಗ ಅದರಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ಗೆರೆಗಳ ನಡುವಿನ ಅಂತರ ನೋಡಿ ಆ ಕಾಲದ ಅಂಕಿ ಹೇಳಬಹುದು. ಆದರೆ ಯಾವ ಗೆರೆ ನಂಬುವುದು, ಯಾವ ಮೋಡ ಬಿಡುವುದು, ನಮ್ಮ ಯಂತ್ರದ ದೋಷಕ್ಕೆ ಎಷ್ಟು ತಿದ್ದುವುದು, ಎಲ್ಲವನ್ನೂ ಕಣ್ಣು ಕಟ್ಟಿಕೊಂಡೇ ತೀರ್ಮಾನಿಸಬೇಕು. ತೀರ್ಮಾನಕ್ಕೆ ಎಲ್ಲರೂ ಸಹಿ ಹಾಕಿದ ಮೇಲೆ ನಿಮ್ಮಿಂದ ಆ ಅಂಕಿ ತರಿಸಿ ಕಳೆಯುತ್ತೇವೆ. ಉಳಿದದ್ದು ಸೊನ್ನೆಯಾದರೆ ಪ್ರಪಂಚ ಮೊದಲಿನಿಂದ ಹೀಗೇ ಇದೆ. ಸೊನ್ನೆಯಾಗದಿದ್ದರೆ ನಿಮ್ಮ ಲೆಕ್ಚರರ ಡಿಕ್ಟೇಶನ್ನಿನಿಂದ ಹಿಡಿದು ಎಲ್ಲ ಪುಸ್ತಕ ಮತ್ತೆ ಬರೆಯಬೇಕು.

ಅದಕ್ಕೂ ಮೊದಲೇ ನಮ್ಮಲ್ಲಿ ಯಾರಾದರೂ ನೋಡಿದರೆ ಕೆಲಸಕ್ಕೆ ಬೆಲೆಯಿಲ್ಲ. ಯಾರೂ ನಂಬುವುದಿಲ್ಲ, ನಂಬಲೂ ಬಾರದು.

ಲಕೋಟೆ ತಂಡದ ಹೊರಗಿನವರ ಹತ್ತಿರ ಇರಬೇಕು ಅಂದಾಗ ನಾನೇ ನಿಮ್ಮ ಹೆಸರು ಹೇಳಿದೆ. ಮೂವತ್ತು ವರ್ಷ ತಕ್ಕಡಿ ಪರೀಕ್ಷೆ ಮಾಡಿ ಅಂಗಡಿಯವರ ಒಂದು ಲೋಟ ನೀರೂ ಕುಡಿಯದವರು ಅಂದೆ. ನಮ್ಮ ತಂಡದ ಹಿರಿಯರು ನಕ್ಕು, "ನಮಗೂ ಅಂಥವರೇ ಬೇಕು" ಅಂದರು.

ನಾನು ಬರೆದು ಕೇಳುವವರೆಗೂ ತೆಗೆಯಬೇಡಿ. ಇನ್ನು ಎರಡು ವರ್ಷಕ್ಕೆ ನನಗೂ ನಿವೃತ್ತಿ. ಇದು ನನ್ನ ಕೊನೆಯ ಲೆಕ್ಕ, ಭಾವ. ಇದಾದರೆ ಇಪ್ಪತ್ತು ವರ್ಷ ಇಲ್ಲಿ ಏನು ಮಾಡಿದೆ ಅಂತ ಕೇಳಿದವರಿಗೆ ಒಂದು ವಾಕ್ಯ ಹೇಳಬಹುದು.

ಮಾತ್ರೆ ತಪ್ಪಿಸಬೇಡಿ.

ಗುಬ್ಬಿ


20 ಏಪ್ರಿಲ್ 2016

ಗುಬ್ಬೀ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಈಗ ಪೂರ್ತಿ ಅರ್ಥವಾಯಿತು. ಇದು ನನಗೆ ಹೊಸದಲ್ಲ. ಅಂಗಡಿಯವನ ಕೈ ನೋಡಿದ್ದೀಯಾ? ತಕ್ಕಡಿ ತನ್ನ ಕಡೆ ವಾಲುವವರೆಗೆ ಗುದ್ದಾಡುತ್ತಾನೆ, ವಾಲಿದ ಮರುಕ್ಷಣ "ಸರಿಯಾಯ್ತು" ಅಂತ ಎತ್ತಿಬಿಡುತ್ತಾನೆ. ಅವನು ಕಳ್ಳನಲ್ಲ, ಅವನ ಕೈ ಕಳ್ಳ. ನೀವು ಕೈಯನ್ನೇ ಕಟ್ಟಿಕೊಂಡಿದ್ದೀರಿ. ಶಹಬ್ಬಾಸ್.

ನಮ್ಮ ಮನೆ ಕೆಳಗಿನ ಟೈಲರಿಗೆ ವಿಷಯ ಹೇಳಿದ್ದೇ ತಪ್ಪಾಯಿತು. ಹೇಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ, ನನಗೂ ಅಷ್ಟೇ. ಮೆಟ್ಟಿಲ ಹತ್ತಿರ ಹಿಡಿದುಕೊಂಡ.

"ಇನ್ಸ್‌ಪೆಕ್ಟರೇ, ಆ ಲಕೋಟೆ ಬಲ್ಬಿಗೆ ಹಿಡಿದರೆ ಕಾಣುತ್ತಂತೆ ಕಣ್ರೀ."

"ನಿನ್ನ ಅಳತೆ ಪಟ್ಟಿ ಮೊದಲು ಬಲ್ಬಿಗೆ ಹಿಡಿ. ಅರ್ಧ ಇಂಚು ಜಗ್ಗಿದೆ. ಊರಿನವರ ಸೊಂಟವೆಲ್ಲ ನಿನ್ನಿಂದ ಸಣ್ಣಗಾಗಿದೆ."

"ನಾನು ಸಣ್ಣ ಮಾಡಿದರೆ ಖುಷಿಪಡ್ತಾರೆ, ಸ್ವಾಮಿ. ನಿಮ್ಮ ನಾದಿನಿ ಪ್ರಪಂಚಾನೇ ಬದಲಾಗಿದೆ ಅಂದ್ರೆ ಯಾರಿಗೆ ಏನು ಲಾಭ? ನನ್ನ ಬಾಡಿಗೆ ಕಡಿಮೆಯಾಗುತ್ತಾ?"

 ಮೇಲೆ ಬಂದು ಕೂತಾಗ ಇದಕ್ಕೆ ಉತ್ತರ ಹೊಳೆಯಿತು, ಆದರೆ ಇಳಿದು ಹೋಗಿ ಹೇಳಲು ಮಂಡಿ ಕೇಳಲಿಲ್ಲ. ನಾನು ಅಂಗಡಿಗಳ ಬಟ್ಟನ್ನು ನನ್ನ ಹಿತ್ತಾಳೆ ಬಟ್ಟಿನ ಜೊತೆ ಹೋಲಿಸುತ್ತಿದ್ದೆ. ನನ್ನದನ್ನು ದೊಡ್ಡ ಲ್ಯಾಬಿನಲ್ಲಿ ಇನ್ನೊಂದರ ಜೊತೆ ಹೋಲಿಸುತ್ತಿದ್ದರು. ಅದನ್ನು ಮತ್ತೊಂದರ ಜೊತೆ. ಕಟ್ಟಕಡೆಯಲ್ಲಿ ಒಂದಾದರೂ ಯಾರನ್ನೂ ಕೇಳದೆ ತನ್ನಷ್ಟಕ್ಕೆ ಸರಿಯಾಗಿ ಇರಬೇಕಲ್ಲ? ಇಲ್ಲದಿದ್ದರೆ ನಾನು ಆ ಬಟ್ಟುಗಳ ಸೀಸದ ಮೇಲೆ ಒತ್ತಿದ ಮುದ್ರೆಗಳಿಗೆಲ್ಲ ಏನು ಅರ್ಥ? ಹಾಗಾಗಿ ನನ್ನ ಮಟ್ಟಿಗೆ ಸೊನ್ನೆ ಬರಲಿ. ಇದು ಶಿಫಾರಸು ಅಲ್ಲ, ಬರೇ ಆಸೆ.

ನಿನ್ನ ಭಾವ


5 ನವೆಂಬರ್ 2016

ಭಾವನವರಿಗೆ,

ಬೇಸಿಗೆಯಿಂದ ಬರೆದಿಲ್ಲ, ಗೊತ್ತು. ನಿಮ್ಮ ಮೂರು ಕಾಗದ ಮೇಜಿನ ಮೇಲೇ ಇವೆ.

ನೂರಾರು ಗೆರೆಗಳ ಕೆಲಸ ಮುಗಿದಿದೆ. ಎರಡು ಮೋಡಗಳ ಬಗ್ಗೆ ಮಾತ್ರ ಜಗಳ. ಅವುಗಳ ಗೆರೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ. ಇಟ್ಟುಕೊಳ್ಳಬೇಕು ಅಂತ ನಾನು, ಬಿಡಬೇಕು ಅಂತ ಕಂಪ್ಯೂಟರಿನವನು. ಜುಲೈಯಿಂದ ಇದೇ ಆಗಿದೆ. ಊಟದ ಕೋಣೆಯಲ್ಲಿ ಅವನು ಒಂದು ಮೂಲೆ, ನಾನು ಒಂದು ಮೂಲೆ. ಹಿರಿಯರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ.

ಸುಸ್ತಾಗಿದೆ. ಬೆಳಿಗ್ಗೆ ಕೋಣೆಗೆ ಬಂದು ಪರದೆ ಎಳೆದು ಮಲಗಿದರೂ ನಿದ್ದೆ ಹತ್ತುವುದಿಲ್ಲ. ಯಾರಾದರೂ ಬಂದು ಒಮ್ಮೆ ಹೇಳಿಬಿಡಲಿ, ಸಾಕು ಅನ್ನಿಸುತ್ತೆ. ಹೀಗೋ ಹಾಗೋ. ಕಾಯುವುದಕ್ಕಿಂತ ಅದು ಮೇಲು. ಅಕ್ಕನಿಗೂ ಹೀಗೇ ಅನ್ನಿಸಿತ್ತೇನೋ. ನಾವು ಬಾಯಿ ಬಿಡಲಿಲ್ಲ.

ಇದನ್ನು ಹರಿದುಹಾಕಿ ಬೇರೆ ಬರೆಯಬೇಕು ಅಂದುಕೊಂಡೆ. ಅಂಚೆ ಒಯ್ಯುವ ಸಾಮಾನಿನ ಲಾರಿ ಹೊರಟು ನಿಂತಿದೆ, ವಾರಕ್ಕೊಂದೇ. ಕಳಿಸುತ್ತಿದ್ದೇನೆ.

ಗುಬ್ಬಿ


14 ನವೆಂಬರ್ 2016

ಗುಬ್ಬೀ,

ಅಂಕೆಯಲ್ಲಿ: – 6.3

ಅಕ್ಷರದಲ್ಲಿ: ಮೈನಸ್ ಆರು ದಶಮಾಂಶ ಮೂರು, ಹತ್ತು ಲಕ್ಷಕ್ಕೆ.

ಸರ್ಟಿಫಿಕೇಟಿನಲ್ಲಿ ಹೀಗೆ ಎರಡೂ ಬರೆಯಬೇಕು, ಆಗ ಯಾರೂ ತಿದ್ದಲಾಗುವುದಿಲ್ಲ. ಕೆಂಪು ಮಸಿಯಲ್ಲಿ ಬರೆದಿದ್ದೇನೆ, ನಿನ್ನ ಕಣ್ಣಿಗೆ ಮೊದಲು ಇದೇ ಬೀಳಲಿ ಅಂತ.

ನೀನು ಬರೆದು ಕೇಳಿದರೆ ಮಾತ್ರ ತೆಗೆಯಬೇಕು ಅಂದಿದ್ದೆ. ಬರೆದೇ ಕೇಳಿದ್ದೀಯ. ಎರಡು ಮೋಡ ಬಾಕಿ ಇದೆ ಅಂದೆ, ನೂರಾರು ಗೆರೆಯ ಮುಂದೆ ಅದೆಷ್ಟು? ನಮ್ಮ ಇಲಾಖೆಯಲ್ಲಿ ಅದನ್ನು ವಿತಿನ್ ಪರ್ಮಿಸಿಬಲ್ ಎರರ್ ಅನ್ನುತ್ತಿದ್ದೆವು. ಪಾಸ್ ಮಾಡಿ ಮುದ್ರೆ ಒತ್ತುತ್ತಿದ್ದೆವು.

ಅದಿರಲಿ. ನಿಜ ಹೇಳಬೇಕೆಂದರೆ ಅಕ್ಕನ ಬಗ್ಗೆ ನಿನ್ನ ಆ ಎರಡು ಸಾಲು ಓದಿಯೇ ಪೆಟ್ಟಿಗೆ ತೆರೆದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅವಳ ರಿಪೋರ್ಟು ಕೊಟ್ಟು, "ಅವರಿಗೆ ಹೇಳೋದು ಬಿಡೋದು ನಿಮಗೆ ಸೇರಿದ್ದು" ಅಂದರು. ನಾನು ನಿನಗೆ ಫೋನ್ ಮಾಡಿದೆ. ನೀನೂ ಅತ್ತೆ, ನಾನೂ ಅತ್ತೆ, ಇಬ್ಬರೂ ಸೇರಿ ಬೇಡ ಅಂದೆವು. ಮೊದಮೊದಲು ಪ್ರತಿ ಸಲ ಕೇಳುತ್ತಿದ್ದಳು.

"ಏನಂತೆ?"

"ಗ್ಯಾಸ್ಟ್ರಿಕ್ಕಂತೆ."

"ಇಷ್ಟು ದಿನಾನಾ ಗ್ಯಾಸ್ಟ್ರಿಕ್ಕು? ಅಂಗಡಿಯವನ ತೂಕದ ಕಲ್ಲು ಮುಟ್ಟಿ ಒಳಗೆ ಟೊಳ್ಳು ಅಂತ ಹೇಳ್ತಿದ್ರಿ. ನನ್ನ ಡಾಕ್ಟರು ಹೇಳಿದ್ದನ್ನ ಹಾಗೇ ನಂಬಿಬಿಡ್ತೀರಾ?"

ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ನನಗೆ ಅದೇ ಸಮಾಧಾನವಾಯಿತು ನೋಡು, ನಂಬಿದಳು ಅಂತ. ಈಗ ಯೋಚಿಸಿದರೆ ನನಗೆ ಕಷ್ಟವಾಗಬಾರದು ಅಂತ ನಿಲ್ಲಿಸಿದಳೋ ಏನೋ. ಯಾರನ್ನು ಕೇಳಲಿ? ಒಂದು ಮನೆಯಲ್ಲಿ ಇಬ್ಬರು, ಇಬ್ಬರಿಗೂ ಗೊತ್ತು, ಇಬ್ಬರೂ ಹವಾಮಾನ ಮಾತಾಡಿಕೊಂಡು ಕೂತಿದ್ದೆವು. ಅವಳಿಗೆ ಏನೇನು ಹೇಳುವುದಿತ್ತೋ.

ಅದಕ್ಕೇ ಇನ್ನೊಬ್ಬರಿಗೆ ಬೇಕಾದ ಸುದ್ದಿಯನ್ನು ನಾನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂರುವುದಿಲ್ಲ. ಒಂದು ಸಲ ಕೂತದ್ದು ಸಾಕು. ತಗೋ ಗುಬ್ಬಿ. ಕಳೆದು ನೋಡಿ, ಪರದೆ ಎಳೆದು, ಚೆನ್ನಾಗಿ ಮಲಗು.

ನಿನ್ನ ಭಾವ


29 ನವೆಂಬರ್ 2016

ಭಾವನವರಿಗೆ,

ಕಾಗದ ತಲುಪಿತು. ಆ ಅಂಕಿಯನ್ನು ಬೇರೆ ಯಾರಿಗೂ ಹೇಳಬೇಡಿ, ಟೈಲರಿಗೂ. ಲಕೋಟೆ, ಒಳಗಿನ ಹಾಳೆ ಇದ್ದರೆ ಇದ್ದ ಹಾಗೇ ಕಳಿಸಿ.

ಚಳಿ ಶುರುವಾಗಿದೆ. ಮಂಡಿಗೆ ಬಿಸಿ ಕೊಡುತ್ತಿರಿ.

ಗುಬ್ಬಿ


10 ಡಿಸೆಂಬರ್ 2016

ಗುಬ್ಬೀ,

ಲಕೋಟೆ, ಹಾಳೆ ಎರಡೂ ಇದರ ಜೊತೆಗಿವೆ. ಅರಗು ಒಡೆಯದ ಹಾಗೆ ಬ್ಲೇಡಿನಲ್ಲಿ ಬಿಡಿಸಿದ್ದೇನೆ, ಸಹಿಗಳು ಒಂದೂ ಕೆಟ್ಟಿಲ್ಲ. ಫೈಲಿಗೆ ಬೇಕಾಗುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು.

ನಿನ್ನ ಕಾಗದ ಮೂರೇ ಸಾಲು ಇದ್ದದ್ದು ನೋಡಿ ನಕ್ಕೆ. ಸಂತೋಷ ಹೆಚ್ಚಾದರೆ ನೀನು ಚಿಕ್ಕವಳಿದ್ದಾಗಲೂ ಹೀಗೇ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ರ್‍ಯಾಂಕು ಅಂತ ಹೇಳದೆ "ಹಸಿವಾಗುತ್ತೆ ಅಕ್ಕ" ಅಂತ ಬಂದು ಕೂತಿದ್ದೆ. ಬೇರೆ ಯಾರಿಗೂ ಹೇಳಬೇಡಿ ಅಂದರೆ ದೊಡ್ಡದೇನೋ ಆಗಿದೆ ಅಂತ ತಾನೆ? ಟೈಲರ್ ಕೇಳಿದ. "ಅಫಿಶಿಯಲ್ ಸೀಕ್ರೆಟ್" ಅಂದೆ. ಅವನು, "ಹಾಗಾದ್ರೆ ಬಾಡಿಗೆ ಕಡಿಮೆಯಾಗೋ ಚಾನ್ಸ್ ಇದೆ" ಅಂದ.

ಸೊನ್ನೆಯಾ, ಅಲ್ಲವಾ? ಪ್ರಕಟಣೆ ಯಾವಾಗ? ಫೋಟೋ ಹಾಕಿದರೆ ಆ ಕಂದು ಸ್ವೆಟರ್ ಹಾಕಿಕೊಳ್ಳಬೇಡ, ಅದರಲ್ಲಿ ಕಾಯಿಲೆಯವಳ ಹಾಗೆ ಕಾಣುತ್ತೀಯ ಅಂತ ನಿನ್ನಕ್ಕ ಹೇಳುತ್ತಿದ್ದಳು.

ನಿನ್ನ ಭಾವ


18 ಫೆಬ್ರವರಿ 2017

ಗುಬ್ಬೀ,

ಎರಡು ತಿಂಗಳಾಯಿತು. ಲಾರಿ ಬರುತ್ತಿಲ್ಲವೋ, ನೀನು ಬರೆಯುತ್ತಿಲ್ಲವೋ?

ನಾನು ಅಕ್ಕನ ವಿಷಯ ಅಷ್ಟು ಬಿಚ್ಚಿ ಬರೆಯಬಾರದಿತ್ತು. ನಿನಗೆ ಆ ಫೋನಿನ ದಿನ ನೆನಪಾಗಿರಬೇಕು. ಬೇಡ ಅಂದವರಲ್ಲಿ ನೀನೂ ಒಬ್ಬಳು ಅಂತ ನಾನು ಚುಚ್ಚಿದ ಹಾಗಾಯಿತೇನೋ. ಹಾಗಲ್ಲ ಕಣೇ. ನೀನು ಸಾವಿರಾರು ಮೈಲಿ ದೂರದಲ್ಲಿದ್ದೆ. ಅವಳ ಎದುರು ಕೂತು ಸುಳ್ಳು ಹೇಳಿದವನು ನಾನು. ನಿನ್ನ ಪಾಲು ಅದರಲ್ಲಿ ಏನೂ ಇಲ್ಲ.

ಅಥವಾ ಕೆಲಸದ ಒತ್ತಡವಾ? ಪೇಪರ್ ಬರೆಯುತ್ತಿರಬೇಕು. ದೊಡ್ಡ ಪೇಪರಿಗೆ ಎಷ್ಟು ತಿಂಗಳು ಬೇಕೋ ನನಗೇನು ಗೊತ್ತು. ನಾನು ಬರೆದ ದೊಡ್ಡ ಪೇಪರ್ ಅಂದರೆ ಸಕ್ಕರೆ ಗೋದಾಮಿನ ತಕ್ಕಡಿಯ ಬಗ್ಗೆ, ಎರಡು ಪುಟ. ಎನ್‌ಕ್ಲೋಸ್ಡ್ ಹಿಯರ್‌ವಿತ್ ಅಂತ ಬರೆದು ಎನ್‌ಕ್ಲೋಸ್ ಮಾಡುವುದನ್ನು ಮರೆತು ಮೆಮೊ ತಿಂದಿದ್ದೆ.

ಒಂದು ಸಾಲು ಬರೆ. ಬೈದಾದರೂ ಬರೆ.

ಭಾವ


6 ಮಾರ್ಚ್ 2017

ಭಾವನವರಿಗೆ,

ಅಕ್ಕನ ವಿಷಯ ಬರೆದಿರೆಂದು ನನಗೆ ಬೇಸರವಿಲ್ಲ. ಅದನ್ನು ನನ್ನ ಜೊತೆ ಮಾತಾಡಲು ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ?

ನಿಮಗೆ ಹೇಳುವುದೋ ಬೇಡವೋ ಅಂತ ಮೂರು ತಿಂಗಳು ನೋಡಿದೆ. ಹೇಳದಿದ್ದರೆ ನೀವು ಪತ್ರಿಕೆಯಲ್ಲಿ ನನ್ನ ಫೋಟೋ ಹುಡುಕುತ್ತಾ ಕೂರುತ್ತೀರಿ. ಅದು ಇನ್ನೂ ಕೆಟ್ಟದ್ದು.

ನಿಮ್ಮ ಕಾಗದವನ್ನು ಊಟದ ಕೋಣೆಯಲ್ಲಿ ಒಡೆದೆ. ಒಂದು ಕೈಯಲ್ಲಿ ಚಮಚ ಇತ್ತು. ಮಂಡಿ ನೋವಿನ ಸುದ್ದಿಯೋ ಟೈಲರಿನ ಸುದ್ದಿಯೋ ಇರುತ್ತೆ ಅಂತ ಬಿಡಿಸಿದರೆ ಕೆಂಪು ಮಸಿ. ಓದಬಾರದು ಅಂತ ಹೊಳೆಯುವ ಮೊದಲೇ ಓದಿ ಆಗಿತ್ತು. ನಮ್ಮ ಕಲಬೆರಕೆಯ ಉತ್ತರ ವರ್ಷದಿಂದ ನನಗೆ ಬಾಯಿಪಾಠ. ಅದರಿಂದ ಇದನ್ನು ಕಳೆಯಬೇಕು, ಅಷ್ಟೇ. ಮೂರನೇ ಕ್ಲಾಸಿನ ಲೆಕ್ಕ. ಬೇಡ ಬೇಡ ಅಂದರೂ ತಲೆ ತಾನೇ ಮಾಡಿಬಿಟ್ಟಿತು. ಚಮಚ ಬಾಯಿಗೆ ಹೋಗುವಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಆ ಎರಡು ಮೋಡ ಚಿಲ್ಲರೆಯಲ್ಲ, ಭಾವ. ನಾವು ಹುಡುಕುತ್ತಿದ್ದದ್ದೇ ಕೂದಲೆಳೆಯ ವ್ಯತ್ಯಾಸ. ಅವನ್ನು ಇಟ್ಟುಕೊಂಡರೆ ಒಂದು, ಬಿಟ್ಟರೆ ಇನ್ನೊಂದು. ಈಗ ಇಟ್ಟುಕೊಳ್ಳೋಣ ಅಂದರೂ ಬಿಡೋಣ ಅಂದರೂ, ನಾನು ಅದನ್ನು ಯಾಕೆ ಹೇಳುತ್ತಿದ್ದೇನೆ ಅಂತ ನನಗೇ ತಿಳಿಯುವುದಿಲ್ಲ.

ಎರಡು ದಿನ ಸುಮ್ಮನಿದ್ದೆ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಮಗೂ ತಪ್ಪಾಯಿತು ಅಂತ ತಿಳಿಯುತ್ತಿರಲಿಲ್ಲ. ಮೂರನೇ ದಿನ ಸಭೆಯಲ್ಲಿ ಕಂಪ್ಯೂಟರಿನವನು, "ಸರಿ, ನಿಮ್ಮ ಮಾತೇ ಆಗಲಿ, ಆ ಮೋಡಗಳನ್ನು ಇಟ್ಟುಕೊಳ್ಳೋಣ" ಅಂದ. ಜುಲೈಯಿಂದ ನಾನು ಕಾಯುತ್ತಿದ್ದ ಮಾತು. ನನಗೆ ಹೂಂ ಅನ್ನಲಾಗಲಿಲ್ಲ. ಎಲ್ಲ ಹೇಳಿದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೇರೆ ಹುಡುಗರ ತಂಡ ಹೊಸ ಗುಟ್ಟಿನ ಅಂಕಿ ಹಾಕಿಕೊಂಡು ಮೊದಲಿನಿಂದ ಮಾಡುತ್ತದೆ, ನಾಲ್ಕೈದು ವರ್ಷ ಬೇಕು. ನಾನು ಆ ಕಡೆ ಹೋಗುವ ಹಾಗಿಲ್ಲ. "ನೀವು ಬಾಗಿಲಲ್ಲಿ ನಿಂತರೂ ನಿಮ್ಮ ಮುಖ ನೋಡಿ ಹುಡುಗರಿಗೆ ಗೊತ್ತಾಗಿಬಿಡುತ್ತೆ" ಅಂದರು ಹಿರಿಯರು. ನಗುತ್ತಲೇ ಅಂದರು. ಈಗ ನನಗೆ ಗ್ರಂಥಾಲಯದಲ್ಲಿರುವ ಆಕಾಶದ ಹಳೆಯ ಗಾಜಿನ ಫೋಟೋ ಫಲಕಗಳನ್ನು ಜೋಡಿಸುವ ಕೆಲಸ.

ನಿಮ್ಮನ್ನು ಹೊಣೆ ಮಾಡಲು ಬರೆಯುತ್ತಿಲ್ಲ. ಹೇಳಿಬಿಡಲಿ ಅನ್ನಿಸುತ್ತೆ ಅಂತ ಬರೆದವಳು ನಾನು. ಯಾರಿಗೆ ಬರೆಯುತ್ತಿದ್ದೇನೆ ಅಂತ ಮರೆತಿದ್ದೆ. ಅಕ್ಕನ ಹೆಸರು ಎತ್ತಿದ ಮೇಲೆ ನೀವು ಬೇರೆ ಏನು ಮಾಡುತ್ತಿದ್ದಿರಿ?

ಪ್ರಪಂಚ ಬದಲಾಗಿದೆಯೋ ಇಲ್ಲವೋ ನನಗೆ ಗೊತ್ತಿದೆ. ಇನ್ನೂ ಯಾರಿಗೂ ಹೇಳಿಲ್ಲ, ಹೇಳುವ ಹಾಗಿಲ್ಲ. ಹೇಳಿದರೂ ಅದು ತಿಳಿವಳಿಕೆಯಲ್ಲ, ಬರೇ ಗುಸುಗುಸು.

ಗುಬ್ಬಿ


17 ಮಾರ್ಚ್ 2017

ಗುಬ್ಬಿ,

ಓದಿದೆ.

ಬರೆಯಲು ಕೂತು ಐದಾರು ಹಾಳೆ ಹರಿದೆ. ಕ್ಷಮಿಸು ಅಂತ ಬರೆದರೆ ನೀನು ಪರವಾಗಿಲ್ಲ ಅಂತ ಬರೆಯುತ್ತೀಯ, ಅದನ್ನು ಓದುವ ಧೈರ್ಯ ನನಗಿಲ್ಲ.

ಮುಚ್ಚಿಡಬೇಕಾದದ್ದನ್ನು ಬಿಚ್ಚಿದೆ, ಬಿಚ್ಚಬೇಕಾದದ್ದನ್ನು ಮುಚ್ಚಿಟ್ಟೆ. ಅಕ್ಕ ತಂಗಿ ಇಬ್ಬರಿಗೂ.

ರಜ ಸಿಕ್ಕರೆ ಬಂದು ಹೋಗು. ಅವಳ ಕೋಣೆ ಗುಡಿಸಿದ್ದೇನೆ. ಒಬ್ಬರಿಗೇ ಗೊತ್ತಿರುವ ವಿಷಯ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವುದು ಹೇಗಿರುತ್ತೆ ಅಂತ ನನಗೆ ಗೊತ್ತು. ಬೇರೆ ಏನೂ ಕೊಡಲು ನನ್ನ ಹತ್ತಿರ ಇಲ್ಲ, ಜೊತೆಗೆ ಕೂರಬಲ್ಲೆ.

ಭಾವ


9 ಏಪ್ರಿಲ್ 2017

ಭಾವನವರಿಗೆ,

ಇಪ್ಪತ್ತೊಂದಕ್ಕೆ ಬರುತ್ತೇನೆ. ನಾಲ್ಕು ದಿನ ಇರುತ್ತೇನೆ. ಸ್ಟೇಷನ್ನಿಗೆ ಬರಬೇಡಿ, ಮೆಟ್ಟಿಲು ಜಾಸ್ತಿ.

ಗುಬ್ಬಿ


30 ಏಪ್ರಿಲ್ 2017

ಗುಬ್ಬೀ,

ನೀನು ತಲುಪಿದ್ದೀಯ ಅಂತ ಲೆಕ್ಕ ಹಾಕಿ ಬರೆಯುತ್ತಿದ್ದೇನೆ.

ನಾಲ್ಕು ದಿನ ಮನೆಯಲ್ಲಿ ಎರಡು ತಟ್ಟೆ ತೊಳೆದೆ. ಟೈಲರಿಗೆ ನೀನು ಹೊಲಿಯಲು ಕೊಟ್ಟ ರವಿಕೆಯನ್ನು ಅವನು ಬಿಗಿ ಮಾಡಿದ್ದು, ನೀನು ಅವನಿಗೆ ಬೈದದ್ದು, ಅವನು "ಅಳತೆ ಸರಿಯಾಗೇ ಇದೆ ಮೇಡಂ, ತಗೊಂಡಾಗಿನಿಂದ ನೀವು ಬದಲಾಗಿದ್ದೀರಿ" ಅಂದದ್ದು, ನೀನು ನಕ್ಕದ್ದು. ವರ್ಷಗಳ ಮೇಲೆ ಈ ಮನೆಯ ಮೆಟ್ಟಿಲಲ್ಲಿ ಹೆಂಗಸಿನ ನಗು ಕೇಳಿದೆ. ಅವನು ಈಗಲೂ, "ನಿಮ್ಮ ಮೇಡಂ ಮತ್ತೆ ಯಾವಾಗ ಬರ್ತಾರೆ, ಇನ್ನೊಂದು ಹೊಲಿಗೆ ಬಿಚ್ಚಿ ಕೊಡ್ತೀನಿ" ಅನ್ನುತ್ತಾನೆ.

ಬರಬೇಡಿ ಅಂದರೂ ಸ್ಟೇಷನ್ನಿಗೆ ಬಂದೆ. ಬೆಂಚಿನ ಮೇಲೆ ಕೂತಾಗ ನೀನು ನನ್ನ ಕಡೆ ತಿರುಗಿ, "ಭಾವ, ಒಂದು ಮಾತು" ಅಂದೆ. ನಿನ್ನ ಮುಖ ನೋಡಿದೆ. ನಿಮ್ಮ ಹಿರಿಯರು ಸುಳ್ಳು ಹೇಳಿಲ್ಲ, ಇನ್ನೊಂದು ಕ್ಷಣ ನೋಡಿದ್ದರೆ ನನಗೂ ತಿಳಿದುಬಿಡುತ್ತಿತ್ತು. ಅದಕ್ಕೇ ಎದ್ದುಬಿಟ್ಟೆ. "ನೀರಿನ ಬಾಟಲಿ ತಗೊಂಡು ಬರ್ತೀನಿ" ಅಂದೆ. ಬಾಟಲಿ ನಿನ್ನ ಕೈಯಲ್ಲೇ ಇತ್ತು. ನಾನು ಅಂಗಡಿಯ ಮುಂದೆ ನಿಂತು, ರೈಲು ಬಂದು ನಿಲ್ಲುವವರೆಗೂ ಆ ಅಂಗಡಿಯವನ ಹತ್ತಿರ ಇಲ್ಲದ ಬಿಸ್ಕತ್ತು ಕೇಳುತ್ತಿದ್ದೆ.

ಕಿವಿಗೆ ಕೇಳಿಸಲಿಲ್ಲ ಅಂದುಕೊಳ್ಳಬೇಡ. ಕೇಳಿಸಿತು. ಕೇಳುವ ಆಸೆ ಇಲ್ಲ ಅಂತಲೂ ಅಲ್ಲ. ಗುಬ್ಬಿ, ಈ ನೆಲದ ಮೇಲೆ ಒಬ್ಬರಿಗೇ ಗೊತ್ತಿರುವ ಮಾತನ್ನು ನೀನು ನನಗೆ ಕೊಡಲು ಬಂದೆ, ಅದೂ ಇಷ್ಟೆಲ್ಲ ಆದ ಮೇಲೆ.  ಆದರೆ ಮೆಟ್ಟಿಲ ಹತ್ತಿರ ಟೈಲರ್ ಹಿಡಿದುಕೊಂಡು ಕೇಳಿದರೆ ನನ್ನ ಬಾಯಿ ನಿಲ್ಲುತ್ತದೆ ಅಂತ ನನಗೆ ನಂಬಿಕೆಯಿಲ್ಲ. ನಿಲ್ಲಿಸಿದರೂ ಮುಖ ಇದೆಯಲ್ಲ. ಆ ಹುಡುಗರು ಕಣ್ಣು ಕಟ್ಟಿಕೊಂಡು ಮೊದಲಿನಿಂದ ಎಣಿಸುತ್ತಿರುವಾಗ, ಅವರಿಗಿಂತ ಮುಂಚೆ ನನಗೆ ಯಾಕೆ ಗೊತ್ತಾಗಬೇಕು?

ನಾಲ್ಕೈದು ವರ್ಷ ಅಂದೆ. ನನಗೆ ಈಗ ಎಪ್ಪತ್ತಾರು. ಇದ್ದರೆ, ಎಲ್ಲರ ಜೊತೆ ಬೆಳಿಗ್ಗೆ ಪೇಪರಿನಲ್ಲಿ ಓದುತ್ತೇನೆ, ನಿನ್ನ ಹೆಸರಿಲ್ಲದ ಪೇಪರಿನಲ್ಲಿ. ಕೆಳಗಿಳಿದು ಟೈಲರಿಗೂ ಓದಿ ಹೇಳುತ್ತೇನೆ. ಇಲ್ಲದಿದ್ದರೆ, ಭಾವ ಕೇಳಲಿಲ್ಲ, ನಾನು ಹೇಳಲಿಲ್ಲ ಅಂತ ನೀನು ಸುಮ್ಮನಿರು.

ನಿನ್ನ ಭಾವ